ತೊಳೆಯದ ಸೀರೆ

ಮುಂಡಗೋಡದ ಲಾಮಾ ಕ್ಯಾಂಪಿನ ಯಾಂಗ್ಕಿಗೆ ಒಂದು ಚಟ ಹತ್ತಿತ್ತು. ಈ ಪರದೇಶದಲ್ಲಿ ನಿನ್ನೆಗಿಂತ ಇವತ್ತು ಏನು ಚಲೋ ಆಗಿದೆ ಅಂತ ಹುಡುಕಿ ಹುಡುಕಿ ತಾಯಿಗೆ ವರದಿ ಒಪ್ಪಿಸೋದು. ತಾಯಿಗೂ ಒಂದು ಚಟ ಇತ್ತು. ಮಗಳು ಹೇಳಿದ್ದಕ್ಕೆಲ್ಲ ತಣ್ಣೀರು ಎರಚೋದು.

ಅವರ ಮಾತು ಟಿಬೆಟ್ ಸೀಮೆಯದು, ನಮಗೆ ತಿಳಿಯೋದಲ್ಲ. ನಮ್ಮ ಬಾಯಿಗೆ ಹೊಂದಿಸಿ ಹೇಳಿದರೆ ಹೀಗೆ. ಡೇರೆ ಹೋಗಿ ಹಂಚಿನ ಮನೆ ಬಂತು, ಇನ್ನು ಮಳೆಗೆ ಹಾಸಿಗೆ ತೋಯೋದಿಲ್ಲ ಅಂತ ಮಗಳು ಹಿಗ್ಗಿದರೆ, ಹೌದು, ಮಳೆ ಬರೋದಿಲ್ಲ, ಹಲ್ಲಿ ಬರ್ತಾವೆ ಅಂತ ತಾಯಿ. ಓಣಿಯ ತುದಿಗೆ ನಲ್ಲಿ ಬಂತು, ಕೊಡ ಹೊತ್ತು ಹಳ್ಳಕ್ಕೆ ಹೋಗೋದು ತಪ್ಪಿತು ಅಂದರೆ, ಬಂತು ಖರೆ, ಮಧ್ಯಾಹ್ನ ಅದರಲ್ಲಿ ಬರೋ ನೀರಿಗೆ ಚಹಾಪುಡಿ ಹಾಕಿದರೆ ಸಾಕು, ಒಲೆ ಯಾತಕ್ಕೆ ಅಂತ ತಾಯಿ. ಆಮೇಲೆ ಒಂದು ದಿನ ಯಾಂಗ್ಕಿ ಸಂತೆಯಿಂದ ಏದುಸಿರು ಬಿಡುತ್ತ ಬಂದಳು. ಹುಬ್ಬಳ್ಳಿ ಬಸ್ಸು ಇನ್ನು ಮೇಲೆ ದಿನಾ ಬರುತ್ತದಂತೆ, ನಮ್ಮ ಕ್ಯಾಂಪಿನ ತಿರುವಿನಲ್ಲೇ ನಿಲ್ಲುತ್ತದಂತೆ ಅಂದಳು. ಆವತ್ತೊಂದು ದಿನ ಮುದುಕಿ ತಣ್ಣೀರು ಎರಚಲಿಲ್ಲ.

"ಚಲೋ ಆತು," ಅಂದಳು. "ನಾ ಅದರಾಗ ಹೋಗ್ತೇನಿ."

ತಾಯಿ ಹೋಗುತ್ತೇನೆ ಅಂದದ್ದು ಹುಬ್ಬಳ್ಳಿಗಲ್ಲ, ಅಲ್ಲಿಂದ ರೈಲು ಹತ್ತಿ ಮುಂದಕ್ಕೆ. ಉತ್ತರದ ಹಿಮದ ಬೆಟ್ಟದಲ್ಲಿ, ರಸ್ತೆ ಕಡಿಯುವವರ ಕ್ಯಾಂಪಿನಲ್ಲಿ ಮುದುಕಿಯ ತಂಗಿ ಇದ್ದಳು. ಇಲ್ಲಿಯ ಬಿಸಿಲು ತಾಳದೆ ಒಂದಿಷ್ಟು ಮಂದಿ ಬರುವ ಹುಣ್ಣಿಮೆಯ ಮರುದಿನ ಅಲ್ಲಿಗೇ ಹೊರಡುವವರಿದ್ದರು. ಆ ವಯಸ್ಸಿನಲ್ಲಿ ಅಷ್ಟು ದೂರ ಹೋದವರು ತಿರುಗಿ ಬರೋದುಂಟೇ? ಹೋದರೆ ಹೋದಳು, ಮತ್ತೆ ಮುಖ ಕಾಣೋದಿಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಯಾಂಗ್ಕಿಯ ಗಂಡ ನೋರ್ಬು ಕ್ಯಾಂಪಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ದೇವರಂಥ ಮನುಷ್ಯ. ಆದರೆ ಗಂಡ ಗಂಡನೇ, ತಾಯಿ ತಾಯಿಯೇ. ಹಿಮ ದಾಟಿ ಬರುವಾಗ ತನ್ನನ್ನು ಬೆನ್ನಿಗೆ ಕಟ್ಟಿಕೊಳ್ಳಲಾಗದೆ ಕೈ ಹಿಡಿದು ಎಳೆದು ತಂದವಳು ಅವಳು. ಅವಳನ್ನು ಬಿಟ್ಟು ಈ ಹಂಚಿನ ಮನೆಯಲ್ಲಿ ಹೇಗಿರೋದು ಅಂತ ಯಾಂಗ್ಕಿಗೆ ತೋಚಲೇ ಇಲ್ಲ.

ಮುದುಕಿಯನ್ನೂ ಅನ್ನುವಂತಿರಲಿಲ್ಲ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ, ಉಣ್ಣೆಯ ನಿಲುವಂಗಿ ಬಿಚ್ಚಲು ಒಲ್ಲೆ ಅಂದ ಅವಳ ಗಂಡ ಬಿಸಿಲಿಗೆ ಬಿದ್ದವನು ಏಳಲಿಲ್ಲ. ಅಂದಿನಿಂದ ಅವಳದು ಒಂದೇ ಮಾತು. ಬಾಗಿಲಲ್ಲಿ ಸ್ವಂತ ದನ ಇಲ್ಲದ್ದು ಮನೆ ಅಲ್ಲ, ಅದು ಧರ್ಮಶಾಲೆ. ದನ ಇಲ್ಲ ಅಂದರೆ ಬೆಣ್ಣೆ ಇಲ್ಲ, ಬೆಣ್ಣೆ ಇಲ್ಲ ಅಂದರೆ ಚಹಾ ಇಲ್ಲ. ಅವರ ಚಹಾ ನಮ್ಮಂಥದ್ದಲ್ಲ ಮತ್ತೆ, ಉಪ್ಪು ಬೆಣ್ಣೆ ಹಾಕಿ ಮರದ ಕೊಳವೆಯಲ್ಲಿ ಕಡೆದದ್ದು. ಯಾಂಗ್ಕಿ ಡಬ್ಬಿಯ ವನಸ್ಪತಿ ಹಾಕಿ ಮಾಡಿಕೊಟ್ಟಾಗ ಮುದುಕಿ ಒಂದು ಗುಟುಕು ಕುಡಿದು, ದೀಪಕ್ಕೆ ಹಾಕೋದನ್ನು ಬಾಯಿಗೆ ಹಾಕಿದಿಯಲ್ಲೇ ಅಂದಿದ್ದಳು.

ಸರಿ, ಹಾಗಾದರೆ ದನವನ್ನೇ ತರೋಣ ಅಂತ ಯಾಂಗ್ಕಿ ಹಟ ಹಿಡಿದಳು. ಅವಳಿಗೆ ಸಂತೆಯಲ್ಲಿ ಪರಿಚಯವಾದ ಮಾಲವ್ವ ಅನ್ನುವವಳು ಪಕ್ಕದ ಹಳ್ಳಿಯ ದುರ್ಗಪ್ಪನ ಹೆಂಡತಿ. ಬಾಯಿ ಜೋರು, ಕರುಳು ಬೆಣ್ಣೆ. ಯಾಂಗ್ಕಿ ಅನ್ನೋ ಹೆಸರು ನಾಲಿಗೆಗೆ ಹೊರಳದೆ ಮೊದಲ ದಿನವೇ ಅವಳನ್ನು ಯಂಕವ್ವ ಮಾಡಿಟ್ಟಿದ್ದಳು. ಕ್ಯಾಂಪಿನವರು ಯಾರ ಕೂಡಾನೂ ಬೆರೆಯೋದಿಲ್ಲ ಅಂತ ಊರ ಹೆಂಗಸರು ಗೊಣಗಿದಾಗ, ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು ಅಂತ ಅವರ ಬಾಯಿ ಮುಚ್ಚಿಸಿದವಳೂ ಅವಳೇ. ಅವಳ ಹಟ್ಟಿಯಲ್ಲಿ ಎಮ್ಮೆ ಜಾಸ್ತಿ, ಮೇವು ಕಡಿಮೆ. ಅರವತ್ತೆಂಟನೇ ಇಸವಿಯ ಚಳಿಗಾಲ ಶುರುವಾಗುವ ಹೊತ್ತಿಗೆ ಮಾಲವ್ವನ ಚಂದ್ರಿ ಅನ್ನುವ ಎಮ್ಮೆ, ಕರುವಿನ ಸಮೇತ, ಯಾಂಗ್ಕಿಯ ಬಾಗಿಲಿಗೆ ಬಂದು ನಿಂತಿತು.

ನಿಂತದ್ದೇ ಬಂತು. ಹಾಲು ಕೊಡಬೇಕಲ್ಲ! ಯಾಂಗ್ಕಿ ಹತ್ತಿಕಾಳು ಇಟ್ಟಳು, ಹಿಂಡಿ ಕಲಸಿಟ್ಟಳು, ಕರು ಬಿಟ್ಟಳು, ಮೈ ನೀವಿದಳು. ತನ್ನ ಉದ್ದನೆಯ ನಿಲುವಂಗಿ ಮಡಚಿಕೊಂಡು ಕೆಚ್ಚಲಿಗೆ ಕೈ ಹಾಕಿದಳೋ ಇಲ್ಲವೋ, ಚಂದ್ರಿ ಕಣ್ಣು ಅಗಲಿಸಿ, ಮೂಗು ಅರಳಿಸಿ, ಒಂದು ಒದೆ ಕೊಟ್ಟು ಚರಿಗೆ ಉರುಳಿಸಿತು. ಎರಡು ಹೊತ್ತೂ ಇದೇ ಕಥೆ. ಕರು ಕುಡಿದದ್ದಷ್ಟೇ ಹಾಲು. ಮುದುಕಿ ಹೊಸ್ತಿಲ ಮೇಲೆ ಕೂತು ಜಪಮಣಿ ತಿರುಗಿಸುತ್ತ ಎಲ್ಲಾ ನೋಡಿದಳು. ಈ ದೇಶದ ದನಕ್ಕೂ ನಾವು ಬೇಡವಾದೆವು ಅಂತ ಅಂದು, ಎದ್ದು ಹೋಗಿ ಗಂಟು ಕಟ್ಟಲು ಕೂತಳು. ಯಾಂಗ್ಕಿಗೆ ಎಮ್ಮೆಗಿಂತ ಆ ಮಾತೇ ಜೋರಾಗಿ ಒದ್ದಿತು.

ಅಳುಮುಖ ಮಾಡಿಕೊಂಡು ಮಾಲವ್ವನ ಹತ್ತಿರ ಓಡಿದಳು. ಮಾಲವ್ವ ಕೇಳಿ ನಕ್ಕಳು. ಅದಕ್ಕೆ ಅವಳ ಹತ್ತಿರ ಮದ್ದು ಇತ್ತು. ದಿನಾ ಹಿಂಡುವಾಗ ಉಡುವ ತನ್ನ ಹಳೆಯ ಹಸಿರು ಸೀರೆ ತೆಗೆದು ಕೊಟ್ಟು, ಇದನ್ನ ಸುತ್ತಿಕೊಂಡು ಕೂಡು, ಕೊಡದೇ ಇದ್ದರೆ ನನ್ನ ಕೇಳು ಅಂತ ಕಳಿಸಿದಳು. ಯಾಕೆ ಏನು ಅಂತ ಬಿಡಿಸಿ ಹೇಳಲಿಲ್ಲ. ಎಮ್ಮೆ ಸಾಕುವ ಸೀಮೆಯಲ್ಲಿ ಅದನ್ನು ಯಾರಿಗೆ ಯಾರು ಹೇಳಬೇಕು?

ಯಾಂಗ್ಕಿ ಸೀರೆ ಮನೆಗೆ ತಂದು ನೋಡಿದಳು. ಸೆಗಣಿ, ಬೆವರು, ಹಾಲಿನ ಜಿಡ್ಡು, ಒಲೆಯ ಹೊಗೆ, ಎಲ್ಲಾ ವಾಸನೆಯೂ ಅದರಲ್ಲಿತ್ತು. ಪ್ರೀತಿಯಿಂದ ಕೊಟ್ಟ ಅರಿವೆಯನ್ನು ಹೊಲಸಾಗಿ ಉಡೋದು ಕೊಟ್ಟವಳಿಗೆ ಮರ್ಯಾದೆಯಲ್ಲ ಅಂತ ಅವಳ ಲೆಕ್ಕ. ಹೇಗಿದ್ದರೂ ಓಣಿಯಲ್ಲಿ ಹೊಸ ನಲ್ಲಿ ಇದೆ. ಸಾಬೂನು ಹಚ್ಚಿ, ಕಲ್ಲಿಗೆ ಬಡಿದು, ನೀರು ತಿಳಿಯಾಗುವ ತನಕ ಜಾಲಿಸಿ, ಹಾಲಿನಂತೆ ಸ್ವಚ್ಛ ಮಾಡಿ ಒಣಗಿಸಿದಳು. ಸಂಜೆ ಉಟ್ಟುಕೊಂಡು ಕೂತಳು. ಚಂದ್ರಿ ಒಮ್ಮೆ ಮೂಸಿ ನೋಡಿ, ಈ ಸಲ ಚರಿಗೆಯ ಜೊತೆಗೆ ಯಾಂಗ್ಕಿಯನ್ನೂ ಉರುಳಿಸಿತು.

ಮರುದಿನ ಮಾಲವ್ವ ತಾನೇ ಬಂದಳು. ಬಾಗಿಲಲ್ಲಿ ನಿಂತು ಸೀರೆ ನೋಡಿದಳು, ಮೂಗಿಗೆ ಹಿಡಿದಳು, ಹಣೆ ಹಣೆ ಬಡಿದುಕೊಂಡಳು.

"ತೊಳದೀ ಏನ ಯಂಕವ್ವಾ? ಎಮ್ಮಿ ಸೀರಿ ಬಣ್ಣ ನೋಡ್ತೈತೇನ? ವಾಸನಿ ನೋಡ್ತೈತಿ. ನನ್ನೆಲ್ಲಾ ತೊಳದು ಗಟಾರಕ್ಕ ಬಿಟ್ಟೀಯಲ್ಲ!"

ಯಾಂಗ್ಕಿಗೆ ನಾಚಿಕೆಯಿಂದ ಕಿವಿ ಕೆಂಪಾದವು. ಅರ್ಥವಾಗುವಷ್ಟು ಕನ್ನಡ ಅವಳಿಗೆ ಬಂದಿತ್ತು, ನೆಪ ಹೇಳುವಷ್ಟು ಬಂದಿರಲಿಲ್ಲ. ಮಾಲವ್ವ ಬೈದದ್ದೂ ಅಷ್ಟೇ, ಮರೆತದ್ದೂ ಅಷ್ಟೇ. ಸೀರೆ ತಿರುಗಿ ಒಯ್ದು, ಹುಣ್ಣಿಮೆ ಹತ್ತಿರ ಬರುವ ತನಕ ಅದನ್ನೇ ಉಟ್ಟು ಸೆಗಣಿ ಬಾಚಿದಳು, ಹಾಲು ಹಿಂಡಿದಳು, ರೊಟ್ಟಿ ಬಡಿದಳು. ಹುಣ್ಣಿಮೆಯ ಸಂಜೆ ತಂದು ಕೈಗೆ ಕೊಟ್ಟು, ನೀರು ಸೋಕಿಸಿದರೆ ನೋಡು ಅಂತ ಬೆರಳು ತೋರಿಸಿ ಹೋದಳು.

ಆ ಸಂಜೆ ಚಂದ್ರಿ ಒದೆಯಲಿಲ್ಲ. ಸೆರಗು ಮೂಸಿತು, ಕಿವಿ ಇಳಿಸಿತು, ಮೆಲುಕು ಹಾಕತೊಡಗಿತು. ಚರಿಗೆಯ ತಳಕ್ಕೆ ಹಾಲು ಸುರ್ರೆಂದು ಬಿದ್ದ ಸಪ್ಪಳ ಕೇಳಿ ಯಾಂಗ್ಕಿಯ ಕಣ್ಣು ತುಂಬಿದವು. ನೊರೆಹಾಲು ಒಯ್ದು ತಾಯಿಯ ಮುಂದೆ ಇಟ್ಟಳು. ಮುದುಕಿ ತನ್ನ ಮರದ ಬಟ್ಟಲಲ್ಲಿ ಹಾಕಿಕೊಂಡು ಪೂರ್ತಿ ಕುಡಿದಳು. ಬಟ್ಟಲು ಒರೆಸಿ ಗಂಟಿನೊಳಗೆ ಇಟ್ಟು ಗಂಟು ಬಿಗಿದಳು.

ಇನ್ನು ಮುಗಿಯಿತು ಅಂದುಕೊಂಡಳು ಯಾಂಗ್ಕಿ. ಬೆಳಿಗ್ಗೆ ಎದ್ದವಳು ತಾಯಿಯ ಗಂಟನ್ನೇ ನೋಡುತ್ತ ಕೂತಳು. ಒಲೆ ಹಚ್ಚಲಿಲ್ಲ, ಕೊಟ್ಟಿಗೆಯ ಕಡೆ ಹೋಗಲಿಲ್ಲ. ಗಂಟು ಒಯ್ದು ಬಸ್ಸಿನ ಮೇಲೆ ಹಾಕಿಸು, ಗುಡಿಗೆ ಸುತ್ತು ಬಂದು ಹಿಂದೆಯೇ ಬರುತ್ತೇನೆ ಅಂದಳು ತಾಯಿ. ಗಂಟು ತಲೆಯ ಮೇಲೆ ಹೊತ್ತು ಯಾಂಗ್ಕಿ ತಿರುವಿಗೆ ಹೋದಳು. ಹೊರಟವರೆಲ್ಲ ಅಲ್ಲಿ ಸೇರಿದ್ದರು. ಬಸ್ಸು ಬಂತು. ಗಂಟು ಮೇಲೆ ಏರಿತು, ಮಂದಿ ಒಳಗೆ ಏರಿದರು. ತಾಯಿ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆದ, ಕಂಡಕ್ಟರ್ ಗೊಣಗಿದ. ಆಗ ಯಾಂಗ್ಕಿಗೆ ತಂದೆ ಬಿದ್ದ ಮಧ್ಯಾಹ್ನ ನೆನಪಾಯಿತು. ಹಿಂದೆ ಮುಂದೆ ನೋಡದೆ ಮನೆಯ ಕಡೆ ಓಡಿದಳು. ಬೆನ್ನ ಹಿಂದೆ ಬಸ್ಸು ಹೊರಟ ಸಪ್ಪಳ ಕೇಳಿತು.

ಗುಡಿಯಲ್ಲಿ ತಾಯಿ ಇರಲಿಲ್ಲ. ಮನೆಯೊಳಗೂ ಇರಲಿಲ್ಲ. ಕೊಟ್ಟಿಗೆಯಿಂದ ಒಂದು ಹಾಡು ಕೇಳಿಸಿತು. ಮೇಲಿನ ಸೀಮೆಯಲ್ಲಿ ಚಮರಿ ದನ ಹಿಂಡುವಾಗ ಹಾಡುತ್ತಿದ್ದ ಹಾಡು. ಗಂಡ ಸತ್ತ ಮೇಲೆ ಆ ಬಾಯಿಂದ ಅದು ಬಂದಿರಲೇ ಇಲ್ಲ.

ಯಾಂಗ್ಕಿ ಇಣುಕಿದಳು. ಸಾಯುವ ತನಕ ಈ ನಿಲುವಂಗಿ ಬಿಟ್ಟು ಬೇರೆ ತೊಡೋದಿಲ್ಲ ಅಂತ ಆಣೆ ಮಾಡಿದ್ದ ಮುದುಕಿ, ಅದರ ಮೇಲೆಯೇ ಮಾಲವ್ವನ ಹಸಿರು ಸೀರೆಯನ್ನು ಹುಲ್ಲಿನ ಹೊರೆಗೆ ಹಗ್ಗ ಸುತ್ತಿದಂತೆ ಸುತ್ತಿಕೊಂಡು, ಚಂದ್ರಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಚರಿಗೆ ತುಂಬುತ್ತಾ ಬಂದಿತ್ತು. ಮಗಳ ನೆರಳು ಕಂಡರೂ ಅವಳು ತಲೆ ಎತ್ತಲಿಲ್ಲ.

"ಕೆಚ್ಚಲ ಕಲ್ಲಾಗಿತ್ತು. ಒಂದ ಸವನ ಒದರಾಕ ಹತ್ತಿತ್ತು," ಅಂದಳು. "ನಲ್ಲಿ ಬಂದದ್ದು ಕಾಣತೈತಿ, ಹಂಚ ಬಂದದ್ದು ಕಾಣತೈತಿ, ಬಸ್ಸ ಬಂದದ್ದು ಕಾಣತೈತಿ. ಬಾಗಲಾಗಿನ ಎಮ್ಮಿ ಒದರಿದ್ದು ಕೇಳಲಿಲ್ಲೇನ ನಿನಗ? ಹಿಂಗ ದನಾ ಸಾಕಿದರ ನಾ ಹೆಂಗ ಬಿಟ್ಟು ಹೋಗಲಿ?"

ಯಾಂಗ್ಕಿ ಅಲ್ಲೇ ಸೆಗಣಿಯ ನೆಲದ ಮೇಲೆ ಕುಸಿದು ಕೂತಳು. ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂದವು. ಹೊತ್ತ ಗುಡ್ಡ ಇಳಿಸಿದಷ್ಟು ಹಗುರಾಯಿತು ಮೈ. ಬಸ್ಸು ಹೋಯಿತು ಅಂದಳು. ಹೋಗಲಿ ಬಿಡು ಅಂದಳು ತಾಯಿ.

ಕೊನೆಯ ಹನಿ ಇಳಿಸಿ, ಕರುವಿಗೊಂದು ಮೊಲೆ ಬಿಟ್ಟು, ಸೊಂಟ ಹಿಡಿದುಕೊಂಡು ಎದ್ದಳು ಮುದುಕಿ. ಹೊಸ್ತಿಲ ಮೇಲೆ ಕೂತು, ನನ್ನ ಬಟ್ಟಲು ತಾ ಅಂತ ಕೈ ಚಾಚಿದಳು.

ಯಾಂಗ್ಕಿಯ ನಗು ಅಲ್ಲಿಗೇ ನಿಂತಿತು. ಬಟ್ಟಲು ಗಂಟಿನಲ್ಲಿ, ಗಂಟು ಬಸ್ಸಿನ ಮೇಲೆ. ಹಿಮ ದಾಟುವಾಗಲೂ ಎದೆಯ ಹತ್ತಿರ ಇಟ್ಟುಕೊಂಡು ತಂದ ಬಟ್ಟಲು, ಗಂಡ ಕೊಟ್ಟದ್ದು, ಇನ್ನೊಬ್ಬರ ಕೈಗೆ ಕೊಡದ ಬಟ್ಟಲು. ಓಡುವ ಗಡಿಬಿಡಿಯಲ್ಲಿ ಇಳಿಸೋದನ್ನೇ ಮರೆತಿದ್ದಳು. ಇದ್ದದ್ದು ಇದ್ದಂತೆ ಹೇಳಿದಳು. ಇನ್ನು ಬೈಗಳ ಮಳೆ ಅಂತ ತಲೆ ತಗ್ಗಿಸಿ ಕಾಯುತ್ತ ನಿಂತಳು.

ಮುದುಕಿ ರಸ್ತೆಯ ಕಡೆ ನೋಡಿದಳು. ಆಮೇಲೆ ಬಿಸಿ ಚರಿಗೆಯನ್ನೇ ಎರಡೂ ಕೈಯಿಂದ ಎತ್ತಿ ಕುಡಿದು, ಮೀಸೆಯಂತೆ ಹತ್ತಿದ ನೊರೆಯನ್ನು ಮಾಲವ್ವನ ಸೆರಗಿನಿಂದ ಒರೆಸಿಕೊಂಡಳು.

"ಹುಬ್ಬಳ್ಯಾಗ ನಮ್ಮ ಮಂದಿ ಗಂಟ ಇಳಿಸಿ ಕಂಡಕ್ಟರಗ ಕೊಡ್ತಾರ," ಅಂದಳು. "ಬಸ್ ಈಗ ದಿನಾ ಬರತೈತಿ ಅಂದೆಲ್ಲ ನೀ? ನಾಳೆ ಅದಽ ತರತೈತಿ."