ಅಸ್ಗರ್ ಸಾಹೇಬರು ಹೇಳಿದ ಅರ್ಥ

ಅದು ಐವತ್ತೇಳನೇ ಇಸವಿಯ ಬೇಸಿಗೆ. ಶಿರಾದ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುತ್ತಿದ್ದ ಅಸ್ಗರ್ ಸಾಹೇಬರ ಬಳಿಗೆ ಮದಲೂರಿನ ಕಾಟಪ್ಪ ಒಂದು ಕಾಗದ ತಂದ. ಅವನ ಹೆಂಡತಿ ಮುದ್ದಕ್ಕ ಒಂದೇ ವರ್ಷದಲ್ಲಿ ಮೂರು ಹುಲ್ಲಿನ ಬಣವೆಗಳಿಗೆ ಬೆಂಕಿ ಇಟ್ಟಿದ್ದಳು. ಅವಳಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಮೂರನೆಯದು ಅವರದೇ ಬಣವೆ. ಬೆಂಗಳೂರಿನ ಡಾಕ್ಟರೊಬ್ಬರು ಅವಳನ್ನು ನೋಡಿ ಕಾಗದ ಕೊಟ್ಟಿದ್ದರು.

"ಇಂಗ್ಲಿಷ್ನಾಗೆ ಬರ್ದವ್ರೆ ಸಾಬ್ರೆ. ನಾಳೆ ಊರೋರೆಲ್ಲ ಸೇರ್ತಾರೆ, ಏನೈತೆ ಅಂತ ಹೇಳ್ಬೇಕು."

ಇದ್ದದ್ದು ಎರಡೇ ಸಾಲು. ಮುಂದಿನ ತಿಂಗಳು ಮತ್ತೆ ಕರೆತನ್ನಿ ಎಂಬುದು ತಿಳಿಯಿತು. 'ಪೈರೊಮೇನಿಯಾ' ಎಂಬ ಪದ ತಿಳಿಯಲಿಲ್ಲ. ರಸ್ತೆಯಾಚೆಯ ಶಾಲೆಯಲ್ಲಿ ಹೆಡ್‌ಮಾಸ್ತರ್ ನಾಗಲಿಂಗಯ್ಯನವರ ಹತ್ತಿರ ದೊಡ್ಡ ನಿಘಂಟಿತ್ತು. ಆದರೆ ಸುತ್ತ ನಾಲ್ಕು ಜನ ಕೂತಿದ್ದರು. ಅವರೆದುರು ಗೊತ್ತಿಲ್ಲ ಎನ್ನಲು ಸಾಹೇಬರಿಗೆ ನಾಲಿಗೆ ಏಳಲಿಲ್ಲ.

"ಬೆಂಕಿ ಹಚ್ಚೋ ಚಟ," ಎಂದು ಊಹಿಸಿ ಹೇಳಿದರು.

"ಚಟನಾ? ಬೀಡಿ, ಹೆಂಡ ಇದ್ದಂಗಾ?"

"ಹ್ಞೂಂ, ಅಂಗೇ. ಮುಂದಿನ ತಿಂಗ್ಳು ಮತ್ತೆ ಕರ್ಕೊಂಡು ಬನ್ನಿ ಅಂತಾನೂ ಬರ್ದವ್ರೆ."

ಮಳೆಗಾಲ ಮುಗಿಯುವಾಗ ಕಾಟಪ್ಪ ಬೇರೆ ಕೆಲಸಕ್ಕೆ ಬಂದ. ಸಾಹೇಬರು ಮುದ್ದಕ್ಕನ ವಿಚಾರ ಕೇಳಿದರು.

"ಕಾಯಿಲೆ ಅಂದಿದ್ರೆ ಊರೋರು ಸುಮ್ಕಿರ್ತಿದ್ರು. ಚಟ ಅಂದ್ಮೇಲೆ ಬುಡ್ತಾರಾ? ಪಾವಗಡದಾಗೆ ಅವ್ರಣ್ಣನ ಮನೇಲಿ ಬುಟ್ಬಂದೆ. ವರ್ಸದ ಮಗು ನನ್ ತಾವೇ ಐತೆ."

"ಮತ್ತೆ ಡಾಕ್ಟ್ರ ಹತ್ರ?"

"ಚಟಕ್ಕೆ ಯಾವ ಡಾಕ್ಟ್ರು ಸಾಬ್ರೆ."

ಅಂದು ಸಂಜೆಯೇ ಸಾಹೇಬರು ಶಾಲೆಗೆ ಹೋಗಿ ನಿಘಂಟು ತೆರೆದರು. ಅದೊಂದು ಮನೋರೋಗ, ಬೆಂಕಿ ಹಚ್ಚಬೇಕೆಂಬ ಒತ್ತಡವನ್ನು ರೋಗಿ ತಡೆದುಕೊಳ್ಳಲಾರ ಎಂದಿತ್ತು.

ಮರುದಿನ ಪಾವಗಡದ ಬಸ್ಸು ಹತ್ತಿದರು. ಅಣ್ಣ ಪೆದ್ದಣ್ಣನ ಅಂಗಳದಲ್ಲಿ ಮುದ್ದಕ್ಕ ಕಡಲೆಕಾಯಿ ಬಿಡಿಸುತ್ತಿದ್ದಳು. ಆ ಮನೆಯವರು ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ.

ಸಾಹೇಬರು ನಿಂತೇ ಹೇಳಿದರು: "ಅದು ಚಟ ಅಲ್ಲಮ್ಮ, ಕಾಯಿಲೆ. ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತು ಅಂತ ಸುಳ್ಳು ಹೇಳ್ದೆ."

ಅವಳ ಕೈ ನಿಂತಿತು. "ಕೈ ತಡಿಯಾಕಾಗಲ್ಲ ಅಂತ ನಾನೂ ಹೇಳ್ತಾನೇ ಇದ್ದೆ. ಅದು ಆ ಕಾಗ್ದದಾಗೇ ಇತ್ತಾ?"

"ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಸಾಹೇಬರಿಗೆ ಅನ್ನಿಸಿತು.

ಆ ವಾರವೇ ಅವರು ಮದಲೂರಿಗೆ ಹೋಗಿ ಊರವರ ಮುಂದೆ ತಪ್ಪು ಒಪ್ಪಿಕೊಂಡರು. ಕಾಟಪ್ಪ ಹೆಂಡತಿಯನ್ನು ಡಾಕ್ಟರಿಗೆ ತೋರಿಸಲು ಒಪ್ಪಿದ. ಮನೆಗೆ ಕರೆತರಲು ಒಪ್ಪಲಿಲ್ಲ. "ಊರು ಮರೀಲಿ, ಆಮ್ಯಾಕೆ ನೋಡಾನ," ಎಂದ.

ಊರು ಮರೆಯಲು ಎರಡು ವರ್ಷ ಹಿಡಿಯಿತು. ಮುದ್ದಕ್ಕ ಮರಳಿ ಬಂದಾಗ ಮಗು ಅವಳ ಗುರುತು ಹತ್ತದೆ ಅಪ್ಪನ ಬೆನ್ನ ಹಿಂದೆ ಸರಿಯಿತಂತೆ. ಅದನ್ನು ಕೇಳಿದ ದಿನ ಸಾಹೇಬರು ಯಾರಿಗೂ ಅರ್ಜಿ ಬರೆಯಲಿಲ್ಲ.