ಎಲ್ಲದಕ್ಕೂ ಗುಡ್

ಅತ್ತೆಯ ಬಾಯಲ್ಲಿ ಮೆಚ್ಚುಗೆಗೆ ಇದ್ದದ್ದು ಒಂದೇ ಮಾತು: ಗುಡ್. ಬೇರೆ ಮಾತಿಗೇನು ಬರವೇ? ಚೆನ್ನಾಗಿದೆ, ಸೊಗಸಾಗಿದೆ, ಭೇಷ್, ಪರವಾಗಿಲ್ಲ, ಅಡ್ಡಿಯಿಲ್ಲ ಅಂತ ಹುಡುಕಿದರೆ ಒಂದು ಡಬ್ಬಿ ಗುಂಡಿಗಳಷ್ಟು ಸಿಗುತ್ತವೆ. ಆದರೆ ಹರೆಯದಲ್ಲಿ ಅವರು ಹೊಲಿಗೆ ಕಾರ್ಖಾನೆಯಲ್ಲಿದ್ದಾಗ, ಮೇಲ್ವಿಚಾರಕಿ ಬಟ್ಟೆ ತಿರುಗಿಸಿ ನೋಡಿ "ಗುಡ್" ಎಂದು ಸೀಮೆಸುಣ್ಣದ ಗೀಟು ಎಳೆಯುತ್ತಿದ್ದಳಂತೆ. ಗೀಟು ಬಿದ್ದ ದಿನ ಊಟ ರುಚಿ, ಬೀಳದ ದಿನ ಕಣ್ಣೀರು. ತನ್ನೆದುರು ಬಂದವರು ಯಾರೂ ಆ ಮಾತಿಲ್ಲದೆ ಹೋಗಬಾರದೆಂದು ಅತ್ತೆ ಅವತ್ತೇ ತೀರ್ಮಾನಿಸಿಬಿಟ್ಟರು. ಅಲ್ಲಿಂದ ಮುಂದೆ ನೋಡಬೇಕು! ಪಕ್ಕದ ಮನೆಯ ಮಗು ಸೂರು ಹಾರಿಹೋಗುವ ಹಾಗೆ ಕಿರುಚಿದರೂ ಗುಡ್. ನಲ್ಲಿ ರಿಪೇರಿಯವನು ತೊಟ್ಟಿಕ್ಕುತ್ತಿದ್ದದ್ದನ್ನು ಧಾರಾಕಾರ ಮಾಡಿ ಹೋದರೂ ಗುಡ್. ಸೊಸೆ ಅಡುಗೆಗೆ ಉಪ್ಪು ಮರೆತರೆ ಗುಡ್, ಎರಡು ಸಲ ಹಾಕಿದರೆ ವೆರಿ ಗುಡ್.

ಆ ಮಾತು ಸಿಗದವನೆಂದರೆ ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ ಒಬ್ಬನೇ. "ಥೂ, ಏನೋ ಅದು ಕ್ರಾಪು? ಇಲಿ ಕಡಿದ ಹಾಗಿದೆ!" ಎನ್ನುವರು. ಅವನು ಹಲ್ಲು ಕಿರಿದು ತಲೆ ಸವರಿಕೊಂಡು ಹೋಗುವನು. ಅದನ್ನು ನೋಡಿದಾಗಲೆಲ್ಲ ಸೊಸೆಗೆ ಹೊಟ್ಟೆ ಉರಿ. ನಗಬೇಡಿ, ನಿಜವಾದ ಹೊಟ್ಟೆ ಉರಿ. ಮನೆಯ ಮುಂದಿನ ಕೋಣೆಯೇ ಇವರ ಹೊಲಿಗೆ ಅಂಗಡಿ. ಇವಳು ಮಿಷಿನ್ನು ತುಳಿದು ಕೋಟು ಹೊಲಿದರೆ, ಗುಂಡಿ ತೂರಿಸುವ ಕಾಜಾಗಳನ್ನು ಅತ್ತೆ ಕೈಯಲ್ಲೇ ಹಾಕುವರು. ಇಷ್ಟು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೂ ತಾನಿನ್ನೂ ಆ ನಲ್ಲಿ ರಿಪೇರಿಯವನ ಸಾಲಿನಲ್ಲೇ ಇದ್ದೇನಲ್ಲ ಎಂಬುದು ಅವಳ ಸಂಕಟ.

ಹೀಗಿರುವಾಗ ಅತ್ತೆಯ ಕಣ್ಣು ಮಂಜಾಯಿತು. ಹೊಸ ಕನ್ನಡಕ ಬಂದ ಮೇಲಂತೂ ದಾರ ಒಂದು ಕಡೆ, ಸೂಜಿಯ ಕಣ್ಣು ಇನ್ನೊಂದು ಕಡೆ. ಒಂದು ಬೆಳಿಗ್ಗೆ ಅವರು ಸೂಜಿಡಬ್ಬಿಯನ್ನು ಸೊಸೆಯ ಮಡಿಲಿಗಿಟ್ಟು, "ಇನ್ನು ನೀನೇ ನೋಡ್ಕೋಮ್ಮಾ. ನನ್ನ ಕೆಲಸ ಮುಗೀತು" ಎಂದರು.

ಸೊಸೆ ತುಳಿಯುತ್ತಿದ್ದ ಮಿಷಿನ್ನು ನಿಲ್ಲಿಸಿದಳು. ಸೂಜಿ ಬಿಟ್ಟರೆ ಅತ್ತೆ ಮೂಲೆ ಹಿಡಿದುಬಿಡುತ್ತಾರೆ, ಅದರಲ್ಲಿ ಅನುಮಾನವೇ ಇರಲಿಲ್ಲ.

"ಕನ್ನಡಕ ಹೇಗಿದೆ ಅತ್ತೆ?"

"ಗುಡ್."

"ಸೂಜಿ ಕಾಣುತ್ತಾ?"

"ಸೂಜಿ ಕಾಣಲ್ಲ. ಕನ್ನಡಕ ಗುಡ್."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಪಾಪ, ಆ ಕನ್ನಡಕದ ಅಂಗಡಿಯವನು ಬೆವರು ಸುರಿಸ್ಕೊಂಡು ಒಂದಾದ ಮೇಲೊಂದು ಗ್ಲಾಸು ಹಾಕ್ತಿದ್ದ. ಚೆನ್ನಾಗಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ?"

ಅಷ್ಟೇ ಆಗಿದ್ದರೆ ಸರಿ. ಕಣ್ಣು ಪರೀಕ್ಷೆಗೆಂದು ಗೋಡೆಗೆ ಹಾಕಿದ್ದ ಅಕ್ಷರಗಳನ್ನು ತಮಗಿಂತ ಮುಂಚೆ ಹೋದವರು ಓದುವಾಗ ಹೊರಗಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದರಂತೆ, ಅವನಿಗೆ ಬೇಜಾರಾಗಬಾರದು ಅಂತ! ಸೊಸೆ ಹಣೆ ಚಚ್ಚಿಕೊಂಡಳು.

ಅರ್ಧ ಮುಗಿದ ಕಪ್ಪು ಕೋಟೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ಅತ್ತೆಯನ್ನು ಮತ್ತೆ ಕನ್ನಡಕದ ಅಂಗಡಿಗೆ ಎಳೆದೊಯ್ದಳು. ಕನ್ನಡಕದವನು ಕಬ್ಬಿಣದ ಚೌಕಟ್ಟನ್ನು ಅತ್ತೆಯ ಮೂಗಿನ ಮೇಲೆ ಕೂರಿಸಿ ಗ್ಲಾಸು ಬದಲಾಯಿಸತೊಡಗಿದ. "ಇದು ಹೇಗಿದೆ?" ಗುಡ್. "ಇದು?" ಗುಡ್. "ಮೊದಲಿಂದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?" ಎರಡೂ ಗುಡ್.

"ಎಲ್ಲಾ ಗ್ಲಾಸೂ ಇವರಿಗೆ ಸರಿಹೋಗುತ್ತೆ ಅಂದ್ರೆ ನಾನೇನು ಮಾಡ್ಲಮ್ಮಾ?" ಅವನು ಕೈಚೆಲ್ಲಿದ.

"ಕೇಳೋದು ಬಿಟ್ಟುಬಿಡಿ. ಸುಮ್ನೆ ಬದಲಾಯಿಸ್ತಾ ಇರಿ" ಎಂದ ಸೊಸೆ ಕೋಟನ್ನು ಅತ್ತೆಯ ಮಡಿಲಲ್ಲಿ ಹರಡಿದಳು. ಅದರಲ್ಲಿ ಅವಳೇ ಹಿಂದಿನ ದಿನ ಒದ್ದಾಡಿ ಹಾಕಿದ್ದ ಒಂದು ಕಾಜಾ ಇತ್ತು. "ಈ ಕಾಜಾನೇ ನೋಡ್ತಿರಿ ಅತ್ತೆ."

"ಗುಡ್ ಅಮ್ಮಾ."

ಗ್ಲಾಸು ಬದಲಾಯಿತು. "ಗುಡ್." ಮತ್ತೆ ಬದಲಾಯಿತು. "ವೆರಿ ಗುಡ್."

ಆಮೇಲಿನ ಗ್ಲಾಸಿಗೆ ಗುಡ್ ಬರಲಿಲ್ಲ. ಅತ್ತೆ ಬಟ್ಟೆಯನ್ನು ಬೆಳಕಿಗೆ ತಿರುಗಿಸಿದರು. ಹೆಬ್ಬೆರಳಿನ ಉಗುರು ಹೊಲಿಗೆಯ ಅಂಚಿನಲ್ಲಿ ಮೆಲ್ಲಗೆ ಹೋಗಿ ಮೂಲೆಯಲ್ಲಿ ನಿಂತಿತು.

"ಏ, ಏನೇ ಇದು? ಕಾಜಾನಾ? ಕೋಳಿ ಕೆದರಿದ ಹಾಗಿದೆಯಲ್ಲೇ! ಮೂಲೆಲಿ ದಾರ ಎಳೆದೇ ಇಲ್ಲ. ಹಾಕಿದ ಕೈಗೆ ಎರಡು ಬಿಡಬೇಕು!"

"ಇದೇ ಗ್ಲಾಸು!" ಸೊಸೆ ಕೂತಲ್ಲಿಂದ ಎಗರಿದಳು. "ಇದನ್ನೇ ಬರ್ಕೊಳ್ಳಿ!"

ಕನ್ನಡಕದವನು ಕಕ್ಕಾಬಿಕ್ಕಿಯಾದ. "ಅವರು ಬೈದ್ರಲ್ಲಮ್ಮಾ?"

"ಬೈದ್ರು! ಅದಕ್ಕೇ ಹೇಳ್ತಿರೋದು!"

ಅಷ್ಟರಲ್ಲಿ ಅತ್ತೆಗೆ ತಾನೇನೆಂದೆ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡರು. "ಅಯ್ಯೋ, ನೀನು ಹಾಕಿದ್ದಾ ಅಮ್ಮಾ? ಗುಡ್, ಗುಡ್. ಸ್ವಲ್ಪ ದೂರದಿಂದ ನೋಡಿದ್ರೆ..."

"ವಾಪಸ್ ತಗೋಬೇಡಿ ಅತ್ತೆ, ನಿಮ್ಮ ದಮ್ಮಯ್ಯ!" ಅವಳ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. "ನಿಮ್ಮ ಮಗನಿಗೆ ಬೈಯೋ ಹಾಗೆ ನನಗೂ ಬೈದ್ರಿ. ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ?"

ಅತ್ತೆ ಆ ಭಾರದ ಚೌಕಟ್ಟಿನೊಳಗಿಂದ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನ ತುದಿಯನ್ನು ಅವಳ ಕಡೆ ಚಾಚಿ, "ಮೂಗು ಒರೆಸ್ಕೋ. ಕೋಟಿನ ಮೇಲೆ ಬೀಳುತ್ತೆ" ಎಂದರು.

ಕನ್ನಡಕ ತಯಾರಾದ ದಿನ ಅಂಗಡಿಯವನು ಅಂಜುತ್ತಲೇ ಕೇಳಿದ, "ಹೇಗಿದೆ ಅಜ್ಜಿ?"

"ಗುಡ್" ಎಂದರು ಅತ್ತೆ.

ಅವನು ಗಾಬರಿಯಿಂದ ಸೊಸೆಯತ್ತ ನೋಡಿದ. "ತಡೀರಿ, ಮನೆಗೆ ಹೋಗಿ ಬೈಸಿಕೊಂಡು ಹೇಳ್ತೀನಿ" ಎಂದಳು ಅವಳು.

ಅಂದು ಸಂಜೆ ಅವಳ ಗಂಡ ಕೆಲಸದಿಂದ ಬಂದಾಗ ಸೂಜಿಡಬ್ಬಿ ಮರಳಿ ಅತ್ತೆಯ ಮಡಿಲಲ್ಲಿತ್ತು. ಸೊಸೆ ಕಾಜಾ ಹಾಕಿ ತೋರಿಸುವುದು, ಅತ್ತೆ "ಬಿಚ್ಚೇ" ಅನ್ನುವುದು, ಅವಳು ಬಿಚ್ಚಿ ಮತ್ತೆ ಹಾಕುವುದು ನಡೆದೇ ಇತ್ತು.

"ಪಾಪ, ಇನ್ಮೇಲೆ ನಿನಗೂ ಬೈಗುಳ ಶುರುವಾಯ್ತಾ?" ಎಂದು ಅವನು ನಕ್ಕ.

"ಪಾಪ ಯಾಕ್ರೀ?" ಸೊಸೆ ತಲೆಯೆತ್ತದೆ ಹೇಳಿದಳು. "ನಿಮಗೊಬ್ಬರಿಗೇ ಅಮ್ಮಾನಾ?"

ಅತ್ತೆಯ ಸೂಜಿ ಒಂದು ಗಳಿಗೆ ನಿಂತಿತು. "ಮಾತು ಸಾಕು, ದಾರ ಎಳಿ" ಎಂದು ಅವರು ಮೊಣಕಾಲನ್ನು ಅವಳ ಹತ್ತಿರಕ್ಕೆ ಸರಿಸಿ ಕೂತರು.