ಪ್ರಾರ್ಥನೆಗೆ ಅಂತ ಹೇಳಿದ್ದು

ಆಮೆನ್ ಅಂದು ಕಣ್ಣು ಬಿಟ್ಟರೆ, ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಹೆಂಗಸರೆಲ್ಲ ನನ್ನನ್ನೇ ನೋಡ್ತಿದ್ದರು. ನಾನೇನು ಯಾರದಾದ್ರೂ ತಲೆ ಒಡೆದಿದ್ದೆನಾ? ನಮ್ಮ ಟೀಚರಮ್ಮ ನನಗಾಗಿ ಪ್ರಾರ್ಥನೆ ಮಾಡಿದ್ದರು, ಅಷ್ಟೇ.

"ಕರ್ತನೇ, ಈ ನಮ್ಮ ತಂಗಿಯ ಮಗ ಗೋದಾಮಿನಲ್ಲಿ ಕದ್ದು ಜೈಲು ಸೇರಿದ್ದಾನೆ. ಶನಿವಾರ ಬಿಡುಗಡೆಯಾಗಿ ಬರ್ತಾನೆ. ಅವನ ಮನಸ್ಸು ತಿರುಗಿಸು" ಅಂತ ಬಾಯ್ತುಂಬ ಬೇಡ್ಕೊಂಡರು. ನನ್ನ ಪಕ್ಕದಲ್ಲೇ ಬಡಗಿಯ ಹೆಂಡತಿ ಕೂತಿದ್ದಳು. ನನ್ನ ಮಗನಿಗೆ ಕೆಲಸ ಕೊಡ್ತೀನಿ ಅಂತ ಮಾತು ಕೊಟ್ಟಿದ್ದು ಅವಳ ಗಂಡನೇ. ಹುಡುಗ ಬೇರೆ ಊರಲ್ಲಿ ದುಡೀತಿದ್ದಾನೆ ಅಂತ ಅವರು ತಿಳ್ಕೊಂಡಿದ್ದರು.

ಟೀಚರಮ್ಮ ಅಂದರೆ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳೋರು. ಸುಳ್ಳು ಯಾಕೆ ಹೇಳ್ಲಿ, ಬಿದ್ದವಳನ್ನ ಎತ್ತಿ ನಿಲ್ಲಿಸಿದ್ದೂ ಅವರೇ. ಮಗನನ್ನ ಪೊಲೀಸರು ಕರ್ಕೊಂಡು ಹೋದ ಮೇಲೆ ನಾನು ಚರ್ಚಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಇವರು ನನ್ನ ಇಸ್ತ್ರಿ ಅಂಗಡಿಗೇ ಬಂದು, ಸ್ಟೂಲ್ ಎಳ್ಕೊಂಡು ಕೂರೋರು. "ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡೋದು ನಿನ್ನ ಕೈಲಿ ಆಗುತ್ತೆ ತಂಗೀ" ಅಂತ ಹುರಿದುಂಬಿಸೋರು. ಶರ್ಟಿನ ಕಾಲರ್ ಒತ್ತುತ್ತಾ ಒತ್ತುತ್ತಾ ಕಲಿತೆ. ತಡವರಿಸಿದರೆ, "ದೇವರೇನು ಮಾರ್ಕ್ಸ್ ಹಾಕ್ತಾನಾ? ಹೂಂ, ಮುಂದೆ ಹೇಳು" ಅನ್ನೋರು.

"ಯಾರಿಗೂ ಹೇಳ್ಬೇಡಮ್ಮ, ನಾನೇ ಬಂದು ಹೇಳ್ತೀನಿ" ಅಂತ ಮಗ ಜೈಲಿನ ಜಾಲರಿ ಆಚೆಯಿಂದ ಅಂಗಲಾಚಿದ್ದ. ಆಗ್ಲಿ ಅಂದಿದ್ದೆ. ಆದರೆ ಟೀಚರಮ್ಮ ಯಾರೋ ಹೊರಗಿನವರಾ? ಒಂದಿನ ಎದೆ ತಡೀದೆ, ನಮಗಾಗಿ ಪ್ರಾರ್ಥನೆ ಮಾಡಿ ಅಂತ ಎಲ್ಲಾ ಹೇಳ್ಕೊಂಡು ಅತ್ತೆ. "ಮಗ ಬರ್ಲಿ, ಬಡಗಿ ಹತ್ರ ಮೂವರೂ ಸೇರಿ ಹೋಗೋಣ. ನಾನು ನಿಮ್ಮ ಪಕ್ಕದಲ್ಲಿ ನಿಂತಿರ್ತೀನಿ" ಅಂದರು. ಆ ಮಾತು ನಂಬ್ಕೊಂಡು ಕೂತಿದ್ದೆ.

ಕೂಟ ಮುಗಿದ ಮೇಲೆ ಬಡಗಿಯ ಹೆಂಡತಿ ಚಪ್ಪಲಿ ಹುಡುಕ್ತಾ, "ಕೆಲಸದ ವಿಷಯ ಆಮೇಲೆ ನೋಡೋಣ ಅಕ್ಕ. ಈಗ ಆರ್ಡರ್ರೇ ಇಲ್ಲ" ಅಂದಳು. ಮೊನ್ನೆ ತಾನೇ ಇದೇ ಬಾಯಲ್ಲಿ, ಆಳು ಸಾಲ್ತಿಲ್ಲ ಅಂತ ಗೋಳಾಡಿದ್ದಳು!

ಮಾರನೇ ದಿನ ಟೀಚರಮ್ಮ ಬಂದರು. ಸ್ಟೂಲಿಗೆ ಕೈ ಹಾಕಿದರು. ನಾನು ಅದರ ಮೇಲೆ ಬಟ್ಟೆ ಗಂಟು ಕುಕ್ಕಿದೆ.

"ಎಲ್ಲರೂ ಸೇರಿ ಬೇಡಿದರೆ ಬಲ ಜಾಸ್ತಿ ಅಂದ್ಕೊಂಡೆ. ಪ್ರಾರ್ಥನೆಗೆ ಅಂತ ಹೇಳಿದ್ದು ಕಣೇ. ನಾನೇನು ಚಾಡಿ ಹೇಳಿದ್ನಾ?"

"ನನ್ನ ಮಗನ ಅನ್ನ ಹೋಯ್ತಲ್ಲ ಅಕ್ಕ!"

"ದೇವರು ಬೇರೆ ದಾರಿ ತೋರಿಸ್ತಾನೆ ಬಿಡು."

ತಪ್ಪಾಯ್ತು ಅನ್ನೋ ಒಂದು ಮಾತಿಗೆ ಕಾದೆ. ಅವರು ಸೆರಗು ಸರಿಮಾಡ್ಕೊಂಡು ಹೊರಟೇಹೋದರು. ಬೇರೆಯವರು ಮಾಡಿದ್ದರೆ ಬೈದು ಮರೀತಿದ್ದೆ. ನನಗೆ ಬಾಯಿ ಕೊಟ್ಟವರೇ ನನ್ನ ಮಾತನ್ನ ಬೀದಿಗೆ ಹಾಕಿದರಲ್ಲ. ಅವತ್ತಿಂದ ಪ್ರಾರ್ಥನೆಗೆ ಕಣ್ಣು ಮುಚ್ಚಿ ಕೂತರೆ ಒಂದು ಪದಾನೂ ಹೊರಡ್ತಿರಲಿಲ್ಲ.

ಶನಿವಾರ ಮಗ ಬಂದ. ಬಡಕಲಾಗಿದ್ದ. ಸ್ನಾನ ಮಾಡಿ, ನಾನು ಇಸ್ತ್ರಿ ಮಾಡಿಟ್ಟ ಶರ್ಟು ಹಾಕ್ಕೊಂಡು, "ಬಡಗಿ ಮಾವನ ಹತ್ರ ಹೋಗಿ ನಡೆದಿದ್ದೆಲ್ಲ ಹೇಳ್ಬಿಡ್ತೀನಮ್ಮ" ಅಂದ.

"ಅವರಿಗೆ ಗೊತ್ತಾಗಿದೆ."

"ಯಾರು ಹೇಳಿದ್ದು?"

"ಟೀಚರಮ್ಮ. ನಂಬಿಸಿ ಕತ್ತು ಕೊಯ್ದರು ಕಣೋ."

"ಅವರಿಗೆ ಯಾರು ಹೇಳಿದ್ದು?"

"ಪ್ರಾರ್ಥನೆಗೆ ಅಂತ ಹೇಳಿದ್ದು ಕಣೋ..."

ಅಂದವಳು ನಾಲಿಗೆ ಕಚ್ಚಿಕೊಂಡೆ. ಅವನು ನನ್ನನ್ನ ನೋಡಿದ. ನಾನು ಟೀಚರಮ್ಮನ್ನ ನೋಡಿದ್ದೂ ಹಾಗೇ. ಅವನು ಗೋಡೆ ಕಡೆ ತಿರುಗಿ ನಿಂತ.

"ತಪ್ಪಾಯ್ತು ಮಗನೇ" ಅಂದೆ. "ನೀನು ಬೇಡ ಅಂದಿದ್ದೆ. ಆದರೂ ಹೇಳಿದೆ. ತಪ್ಪಾಯ್ತು."

ಅವನು ಈ ಕಡೆ ತಿರುಗಿ, ತೋಳಿನ ಗುಂಡಿ ಹಾಕ್ಕೊಂಡ.

"ಆದ್ರೂ ಹೋಗ್ತೀನಿ. ಕೆಲಸ ಕೊಟ್ಟರೆ ಕೊಡ್ಲಿ, ಬಿಟ್ಟರೆ ಬಿಡ್ಲಿ. ನೀನು ಬರ್ತೀಯಾ?"

"ನಾನು ಬಂದು ಏನು ಹೇಳ್ಲಿ?"

"ಏನೂ ಹೇಳ್ಬೇಡ. ಪಕ್ಕದಲ್ಲಿ ನಿಂತ್ಕೋ, ಸಾಕು."

ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಚಪ್ಪಲಿ ಮೆಟ್ಕೊಂಡೆ.